ಹಿತ್ತಲಿನ ಸೊಳ್ಳೆಗೆ ಕಡಿಮೆ ಖರ್ಚಿನ ದಾರಿ: ಗಿಡ ಕೊಳ್ಳುವ ಮೊದಲು ನೀರು ನೋಡಿ

ಪ್ರಶ್ನೆ: ನಾವು ಹೊಸದಾಗಿ ಬಂದ ಮನೆಯ ಹಿಂದೆ 9 ಮೀಟರ್ ಉದ್ದ, 6 ಮೀಟರ್ ಅಗಲದ ಹಿತ್ತಲಿದೆ. ಮಳೆ ಬಂದರೆ ಒಂದು ಮೂಲೆಯಲ್ಲಿ ನಾಲ್ಕೈದು ದಿನ ನೀರು ನಿಲ್ಲುತ್ತದೆ. ಕಾಂಪೌಂಡಿನ ಪಕ್ಕ ಹಳೆಯ ಪೊದೆಗಳಿವೆ. ಒಂದು ತಾವರೆ ತೊಟ್ಟಿ ಇದೆ, ಕುಂಡಗಳಂತೂ ತುಂಬಾ. ಸಂಜೆ ನಾಲ್ಕರಿಂದಲೇ ಕಾಲಿಗೆ ಸೊಳ್ಳೆ ಮುತ್ತುತ್ತವೆ, ಮೈಮೇಲೆ ಕಪ್ಪು ಬಿಳಿ ಪಟ್ಟೆ ಇರುವಂಥವು. ಕತ್ತಲಾದ ಮೇಲೆ ಬೇರೆ ಥರದವು ಬರುತ್ತವೆ. ಸೊಳ್ಳೆ ಓಡಿಸುವ ಗಿಡ ಸುತ್ತ ನೆಟ್ಟರೆ ಸಾಕು ಅಂತ ನರ್ಸರಿಯವರು ಹೇಳಿದರು. ಮನೆಯಲ್ಲಿ ಎಲ್ಲಾ ಕಿತ್ತು ಸಿಮೆಂಟ್ ಹಾಕೋಣ ಅನ್ನುತ್ತಿದ್ದಾರೆ. ಪಕ್ಕದ ಜಾಗ ಖಾಲಿ ಬಿದ್ದಿದೆ, ಹುಲ್ಲು ಬೆಳೆದಿದೆ. ಕೈಯಲ್ಲಿ ದುಡ್ಡು ಕಡಿಮೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಮಾತು ಆ ಕಪ್ಪು ಬಿಳಿ ಪಟ್ಟೆ. ಹೆಚ್ಚಿನವರು “ಸೊಳ್ಳೆ ಜಾಸ್ತಿ” ಅಂತಷ್ಟೇ ಬರೆಯುತ್ತಾರೆ. ಯಾವ ಸೊಳ್ಳೆ, ಯಾವ ಹೊತ್ತಿಗೆ ಕಚ್ಚುತ್ತದೆ ಅನ್ನುವುದು ಗೊತ್ತಾದರೆ ಅದು ಎಲ್ಲಿಂದ ಬರುತ್ತಿದೆ ಅಂತ ಊಹಿಸಬಹುದು. ಎಲ್ಲಿಂದ ಅಂತ ಗೊತ್ತಾದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದೂ ಗೊತ್ತಾಗುತ್ತದೆ.

ಹಗಲು ಹೊತ್ತಿನಲ್ಲಿ, ಅದರಲ್ಲೂ ಬೆಳಗ್ಗೆ ಮತ್ತು ಸಂಜೆಯ ಮುಂಚೆ ಕಾಲು ಹುಡುಕಿಕೊಂಡು ಬರುವ ಪಟ್ಟೆ ಸೊಳ್ಳೆ ಈಡಿಸ್. ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಇದೇ. ಇದು ದೂರ ಹಾರುವ ಜಾತಿ ಅಲ್ಲ. ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ 100–200 ಮೀಟರ್ ಒಳಗೇ ಬದುಕು ಮುಗಿಸುತ್ತದೆ. ಅಂದರೆ ನಿಮಗೆ ಸಂಜೆ ಕಚ್ಚುವ ಸೊಳ್ಳೆ ನಿಮ್ಮ ಹಿತ್ತಲಲ್ಲೋ, ಅಕ್ಕಪಕ್ಕದ ಮನೆಯಲ್ಲೋ ಹುಟ್ಟಿದ್ದು. ಅದೂ ನೆಲದ ಹೊಂಡದಲ್ಲಿ ಹುಟ್ಟುವುದು ಅಪರೂಪ. ಅದಕ್ಕೆ ಬೇಕಾದದ್ದು ಸಣ್ಣ ಪಾತ್ರೆಯಂಥ ಜಾಗ: ಕುಂಡದ ತಟ್ಟೆ, ಬಕೆಟ್ಟು, ಟೈರು, ಬಿದಿರಿನ ಗಳು. ಬಾಟಲಿ ಮುಚ್ಚಳದಲ್ಲಿ ನಿಂತ ನೀರೂ ಸಾಕು.

ಕತ್ತಲಾದ ಮೇಲೆ ಬರುವ ಕಂದು ಬಣ್ಣದ್ದು ಹೆಚ್ಚಾಗಿ ಕ್ಯೂಲೆಕ್ಸ್. ಅದಕ್ಕೆ ಕೊಳಕು ನೀರು ಇಷ್ಟ. ಚರಂಡಿ, ಸೆಪ್ಟಿಕ್ ಟ್ಯಾಂಕು, ಎಲೆ ಕೊಳೆತ ಗುಂಡಿ ಅದರ ಮನೆ. ಇದು ಈಡಿಸ್‌ಗಿಂತ ದೂರ ಹಾರುತ್ತದೆ, ಕಿಲೋಮೀಟರ್ ದಾಟಿಯೂ ಬರಬಲ್ಲದು. ಇನ್ನು ಕಚ್ಚುವಾಗ ಬಾಲ ಮೇಲೆತ್ತಿ ಓರೆಯಾಗಿ ಕೂರುವುದು ಕಂಡರೆ ಅದು ಅನಾಫಿಲಿಸ್, ಮಲೇರಿಯಾ ಹರಡುವ ಸೊಳ್ಳೆ. ಅದು ಸಾಮಾನ್ಯವಾಗಿ ತಿಳಿ ನೀರಿಗೆ ಹೋಗುತ್ತದೆ.

ಹಾಗಾಗಿ ನಿಮ್ಮ ಹಿತ್ತಲಲ್ಲಿ ಇರುವುದು ಎರಡು ತೊಂದರೆ. ಒಂದು ಪಾತ್ರೆಗಳದ್ದು, ಇನ್ನೊಂದು ನೆಲದ್ದು. ಪಾತ್ರೆಯ ಕೆಲಸಕ್ಕೆ ದುಡ್ಡು ಬೇಕಿಲ್ಲ, ಕಣ್ಣು ಬೇಕು. ನೆಲದ ಕೆಲಸಕ್ಕೆ ಗುದ್ದಲಿ ಮತ್ತು ಒಂದೆರಡು ದಿನದ ಮೈ ನೋವು ಬೇಕು. ಗಿಡ ಕೊಳ್ಳುವುದು ಇವೆರಡೂ ಆದ ಮೇಲೆ.

ಮೊದಲು ಪಾತ್ರೆ. ಬೆಚ್ಚನೆಯ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗುವುದಕ್ಕೆ 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಎಲ್ಲರೂ ಹೇಳುವುದು ಇದೇ ಲೆಕ್ಕದಲ್ಲಿ. ಆದರೆ ಚೆಲ್ಲಿದರೆ ಮಾತ್ರ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಒಂದೊಂದು ಮೊಟ್ಟೆಯೂ ಕಪ್ಪು ಚುಕ್ಕಿಯ ಹಾಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ನೀರು ಚೆಲ್ಲಿ ಬಿಸಿಲಿಗೆ ಇಟ್ಟರೂ ಅದು ಸಾಯುವುದಿಲ್ಲ. ಒಣಗಿದ ಮೊಟ್ಟೆ 8 ತಿಂಗಳವರೆಗೂ ಹಾಗೇ ಇದ್ದು, ಮತ್ತೆ ನೀರು ಮುಟ್ಟಿದಾಗ ಒಡೆದು ಮರಿ ಬರಬಹುದು. “ಬೇಸಿಗೆಯಲ್ಲಿ ಒಂದೂ ಇರಲಿಲ್ಲ, ಮೊದಲ ಮಳೆ ಬಿದ್ದ ವಾರಕ್ಕೇ ಎಲ್ಲಿಂದ ಬಂದವೋ” ಅಂತ ಜನ ಆಶ್ಚರ್ಯಪಡುತ್ತಾರಲ್ಲ, ಅದರ ಗುಟ್ಟು ಇದೇ. ಆದ್ದರಿಂದ ನೀರು ಚೆಲ್ಲಿದ ಮೇಲೆ ಒಳಗೋಡೆಯನ್ನು ಗಟ್ಟಿ ಬ್ರಷ್ಷಿನಿಂದ ಉಜ್ಜಬೇಕು. ಉಜ್ಜಿದ ನೀರನ್ನು ಒಣ ಮಣ್ಣಿನ ಮೇಲೆ ಚೆಲ್ಲಿ, ಚರಂಡಿಗೆ ಬೇಡ.

ಹುಡುಕುವುದು ಹೇಗೆ? ಮಳೆ ನಿಂತ ಎರಡನೇ ದಿನ ಹಿತ್ತಲಲ್ಲಿ ಒಂದು ಸುತ್ತು ಹಾಕಿ. ನೀರು ಕಂಡ ಕಡೆಯೆಲ್ಲ ಬಗ್ಗಿ ನೋಡಿ. ನಿಮ್ಮ ನೆರಳು ಬಿದ್ದ ಕೂಡಲೇ ಸೊಳ್ಳೆ ಮರಿಗಳು ಮೈ ಕೊಂಕಿಸುತ್ತಾ ತಳಕ್ಕೆ ಇಳಿದುಬಿಡುತ್ತವೆ. “ಏನೂ ಇಲ್ಲ” ಅಂತ ಎದ್ದು ಹೋಗಬೇಡಿ. ಅಲ್ಲಾಡದೆ ಸ್ವಲ್ಪ ಹೊತ್ತು ನಿಲ್ಲಿ. ಬಹುತೇಕ ಎಲ್ಲಕ್ಕೂ ಉಸಿರಾಡಲು ಮೇಲೆ ಬರಲೇಬೇಕು. ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ಚುಚ್ಚಿಕೊಂಡು ತಲೆಕೆಳಗಾಗಿ ನೇತಾಡುವ ಬೂದು ಎಳೆಗಳು ಕಂಡರೆ ಅವೇ. ಬಿಳಿ ಬಟ್ಟಲಲ್ಲಿ ಒಂದಿಷ್ಟು ನೀರು ಎತ್ತಿಕೊಂಡರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಜೊತೆಗೆ ಅಲ್ಪವಿರಾಮ ಚಿಹ್ನೆಯ ಆಕಾರದ, ಡುಬ್ಬ ತಲೆಯವು ಇದ್ದರೆ ಅವು ಕೋಶದ ಹಂತದವು. ಎರಡು ಮೂರು ದಿನದಲ್ಲಿ ಹಾರಲಿವೆ ಅಂತ ಅರ್ಥ. ಆ ಪಾತ್ರೆಯನ್ನು ಆವತ್ತೇ ಬಗ್ಗಿಸಿ.

ಕುಂಡದ ತಟ್ಟೆ, ಬಕೆಟ್ಟು ಎಲ್ಲರಿಗೂ ಗೊತ್ತಿರುವುದೇ. ಕಣ್ಣಿಗೆ ಬೀಳದ ಜಾಗಗಳು ಬೇರೆ ಇವೆ. ಸೂರಿನ ನೀರನ್ನು ದೂರ ಸಾಗಿಸಲು ಹಾಕುವ, ಮಡಿಕೆ ಮಡಿಕೆಯಾದ ಪ್ಲಾಸ್ಟಿಕ್ ಕೊಳವೆ ನೋಡಿದ್ದೀರಲ್ಲ? ಅದರ ಒಂದೊಂದು ಮಡಿಕೆಯಲ್ಲೂ ಒಂದೊಂದು ಚಮಚ ನೀರು ನಿಲ್ಲುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಅದರ ಬದಲು ಒಳಗೆ ನುಣುಪಾದ ಪೈಪು ಹಾಕಿ, ಹೊರಬಾಯಿ ಇಳಿಜಾರಾಗಿರಲಿ. ಬೇಲಿಗೆ ನೆಟ್ಟ ಬಿದಿರಿನ ಗಳುಗಳ ತುದಿ ನೋಡಿ. ಗೆಣ್ಣಿನಿಂದ ಮೇಲೆ ಕತ್ತರಿಸಿದ್ದರೆ ಪ್ರತಿ ಗಳುವೂ ಒಂದು ಲೋಟ. ಗೆಣ್ಣಿಗೆ ಸರಿಯಾಗಿ ಕತ್ತರಿಸಿ, ಇಲ್ಲವೇ ಆ ತೂತಿಗೆ ಮರಳು ತುಂಬಿ. ಬಾಯಿ ತೆರೆದ ಕಬ್ಬಿಣದ ಕಂಬಕ್ಕೆ ಮುಚ್ಚಳ ಹಾಕಿ. ಟಾರ್ಪಾಲಿನ ಮಡಿಕೆ, ಮಗುಚಿಟ್ಟ ಕುರ್ಚಿಯ ಕಾಲಿನ ಸಂದು, ಟೊಳ್ಳು ಇಟ್ಟಿಗೆಯ ರಾಶಿ, ಸೂರಿನ ದೋಣಿಯಲ್ಲಿ ಎಲೆ ಕಟ್ಟಿಕೊಂಡ ಜಾಗ, ಇವನ್ನೂ ಒಮ್ಮೆ ನೋಡಿ.

ಟೈರಿನ ಬಗ್ಗೆ ಒಂದು ಮಾತು ಜಾಸ್ತಿಯೇ ಹೇಳುತ್ತೇನೆ. ಕಡಿಮೆ ಖರ್ಚಿನ ತೋಟ ಅಂದ ಕೂಡಲೇ ಹಳೆ ಟೈರಿಗೆ ಬಣ್ಣ ಬಳಿದು ಗಿಡ ನೆಡುವ ಐಡಿಯಾ ಬಂದುಬಿಡುತ್ತದೆ. ನನಗೆ ಅದು ಸ್ವಲ್ಪವೂ ಇಷ್ಟವಿಲ್ಲ. ಟೈರನ್ನು ಯಾವ ಕಡೆ ಮಗುಚಿದರೂ ಒಳಗಿನ ಸುತ್ತಿನಲ್ಲಿ ನೀರು ಉಳಿಯುತ್ತದೆ. ನೆರಳು, ಬೆಚ್ಚಗಿನ ಕಪ್ಪು ಗೋಡೆ, ತಳದಲ್ಲಿ ಕೊಳೆತ ಎಲೆ, ಈಡಿಸ್‌ಗೆ ಬೇರೇನು ಬೇಕು? ಏಷ್ಯಾದ ಪಟ್ಟೆ ಸೊಳ್ಳೆ ಖಂಡ ದಾಟಿದ್ದೇ ಹಳೆ ಟೈರುಗಳ ಸಾಗಣೆಯಲ್ಲಿ. 1985ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಅದು ನೆಲೆ ಊರಿದ್ದು ಪತ್ತೆಯಾದಾಗ ಬೆರಳು ತೋರಿದ್ದು ಹೊರದೇಶದಿಂದ ಬಂದ ಹಳೆ ಟೈರುಗಳ ಕಡೆಗೇ. ಈಗಾಗಲೇ ಟೈರು ಇದ್ದು ಬಿಸಾಡಲು ಮನಸ್ಸಿಲ್ಲದಿದ್ದರೆ ಕೆಳಭಾಗದಲ್ಲಿ ದೊಡ್ಡ ತೂತುಗಳನ್ನು ಕೊರೆದು, ಒಳಸುತ್ತಿಗೂ ಮಣ್ಣು ಒತ್ತಿ ತುಂಬಿ.

ನೀರು ಹಿಡಿಯುವ ಗಿಡಗಳೂ ಉಂಟು. ಅನಾನಸ್ ಜಾತಿಯ ಅಲಂಕಾರಿಕ ಬ್ರೊಮೀಲಿಯಾಡ್‌ಗಳ ನಡುವೆ ಬಟ್ಟಲಿನಂಥ ಜಾಗವಿದೆ. ಬಾಳೆ, ದೊಡ್ಡ ಎಲೆಯ ಕೆಸುವಿನ ಜಾತಿಗಳ ಕಂಕುಳಲ್ಲೂ ಮಳೆನೀರು ಉಳಿಯುತ್ತದೆ. ಒಂದೆರಡು ಗಿಡ ಇದ್ದರೆ ಕೀಳುವುದು ಬೇಡ. ವಾರಕ್ಕೆರಡು ಸಲ ಪೈಪಿನಿಂದ ಜೋರಾಗಿ ನೀರು ಬಿಟ್ಟು ಹಳೆ ನೀರನ್ನು ಚಿಮ್ಮಿಸಿಬಿಡಿ. ಹೊಸದಾಗಿ ಮಾತ್ರ ಸಾಲುಸಾಲಾಗಿ ನೆಡಬೇಡಿ. ಮರದ ಪೊಟರೆ ಇದ್ದರೆ ನೀರು ಹೋಗಲಿ ಅಂತ ಕಾಂಡಕ್ಕೆ ತೂತು ಕೊರೆಯಬೇಡಿ, ಮರಕ್ಕೆ ಪೆಟ್ಟು. ಪೊಟರೆಗೆ ಒಣ ಮರಳು ತುಂಬಿದರೆ ಆಯಿತು.

ಕುಂಡದ ತಟ್ಟೆಗಳನ್ನು ಸುಮ್ನೆ ತೆಗೆದುಬಿಡಿ. ಹೊರಗಿಟ್ಟ ಕುಂಡಕ್ಕೆ ತಟ್ಟೆ ಯಾಕೆ ಬೇಕು? ನೆಲ ಒದ್ದೆಯಾಗಬಾರದ ಕಡೆ ಇಟ್ಟಿದ್ದರೆ ತಟ್ಟೆಯ ಅಂಚಿನವರೆಗೆ ದಪ್ಪ ಮರಳು ತುಂಬಿ. ಮರಳು ತೇವ ಹಿಡಿದಿಡುತ್ತದೆ, ಮೇಲೆ ನೀರು ಕಾಣುವುದಿಲ್ಲ.

ಇನ್ನು ನಿಮ್ಮ ತಾವರೆ ತೊಟ್ಟಿ. ತೆಗೆಯಬೇಕಿಲ್ಲ. ಅದಕ್ಕೆ ನಾಲ್ಕು ಗಪ್ಪಿ ಮೀನು ಬಿಡಿ. ಮಕ್ಕಳು ಸಾಕುವ ಅದೇ ಗಪ್ಪಿ, ಸೊಳ್ಳೆ ಮರಿ ಕಂಡರೆ ಬಿಡುವುದಿಲ್ಲ. ತೊಟ್ಟಿಯ ನೀರಲ್ಲಿ ಗಾಳಿಯ ಯಂತ್ರ ಇಲ್ಲದೆಯೂ ಬದುಕುತ್ತದೆ, ತಾನೇ ಮರಿ ಹಾಕಿ ಹೆಚ್ಚುತ್ತದೆ. ಎರಡು ಎಚ್ಚರ: ಅಂಗಡಿಯ ಮೀನಿನ ಆಹಾರ ಕೈತುಂಬ ಹಾಕಬೇಡಿ. ಹೊಟ್ಟೆ ತುಂಬಿದ ಮೀನು ಮರಿ ಹುಡುಕಿ ಹೋಗುವುದಿಲ್ಲ. ಎರಡನೆಯದು, ತೊಟ್ಟಿಯ ಮೇಲ್ಮೈ ಪೂರ್ತಿ ಎಲೆಯಿಂದ ಮುಚ್ಚಲು ಬಿಡಬೇಡಿ. ಒತ್ತಾದ ಎಲೆಗಳ ಸಂದಿಯಲ್ಲಿ, ಮೀನು ನುಗ್ಗದ ಕಡೆ, ಮರಿಗಳು ಅಡಗಿಕೊಳ್ಳುತ್ತವೆ. ಮೀನು ಜಾಸ್ತಿಯಾದರೆ ಕೆರೆಗೋ ಹಳ್ಳಕ್ಕೋ ಬಿಡಬೇಡಿ, ಅಲ್ಲಿನ ಸ್ಥಳೀಯ ಮೀನುಗಳಿಗೆ ಅದು ಹಾನಿ. ಮೀನು ಬೇಡ ಅನ್ನುವವರಿಗೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ಬಿಲ್ಲೆ ಸಿಗುತ್ತದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನಿಂತ ನೀರಿನ ಹೊಂಡದಲ್ಲಿ ಪತ್ತೆಯಾದದ್ದು. ಸೊಳ್ಳೆ ಮರಿ ಅದನ್ನು ತಿಂದರೆ ಅದರ ಕರುಳು ಒಡೆದು ಸಾಯುತ್ತದೆ. ಮೀನು, ಹಕ್ಕಿ, ಜೇನುನೊಣ, ಮನುಷ್ಯರಿಗೆ ತೊಂದರೆ ಇಲ್ಲ. ಆದರೆ ಕೋಶದ ಹಂತಕ್ಕೆ ಬಂದವು ಏನನ್ನೂ ತಿನ್ನುವುದಿಲ್ಲ, ಅವುಗಳ ಮೇಲೆ ಇದು ನಡೆಯದು. ಹಾಗಾಗಿ ಡಬ್ಬಿಯ ಮೇಲೆ ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ಹಾಕುತ್ತಿರಬೇಕು.

ಮಳೆನೀರು ಹಿಡಿಯುವ ಡ್ರಮ್ಮು ಇದ್ದರೆ ಬಾಯಿಗೆ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಬಿಗಿಯಾಗಿ ಕಟ್ಟಿ. ಹೆಚ್ಚಾದ ನೀರು ಹೊರಹೋಗುವ ತೂತಿಗೂ ಕಟ್ಟಬೇಕು, ಅದನ್ನೇ ಎಲ್ಲರೂ ಮರೆಯುವುದು. ಜಾಲರಿ ನಡುವೆ ಜೋತುಬಿದ್ದು ನೀರು ಮುಟ್ಟುವಂತಿರಬಾರದು. ರಾತ್ರಿ ಸೊಳ್ಳೆಗೆ ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿನ ತುದಿ ಹೆದ್ದಾರಿ ಇದ್ದ ಹಾಗೆ. ಅದಕ್ಕೂ ಒಂದು ತುಂಡು ಜಾಲರಿ ಕಟ್ಟಿ. ಚೇಂಬರಿನ ಮುಚ್ಚಳ ಬಿರುಕು ಬಿಟ್ಟಿದ್ದರೆ ಸಿಮೆಂಟ್ ಮೆತ್ತಿ. ಇಡೀ ಹಿತ್ತಲಿಗೆ ಸಿಮೆಂಟ್ ಹಾಕುವ ಬದಲು ಇಷ್ಟಕ್ಕೆ ಹಾಕಿದರೆ ಜಾಸ್ತಿ ಪ್ರಯೋಜನ.

ಹಾಗಿದ್ದರೆ ಪೂರ್ತಿ ಸಿಮೆಂಟ್ ಯಾಕೆ ಬೇಡ? ದುಡ್ಡಿನ ಮಾತು ಬಿಡಿ. ಕೈಯಲ್ಲಿ ಹಾಕಿದ ಸಿಮೆಂಟ್ ನೆಲ ಎಲ್ಲೋ ಒಂದು ಕಡೆ ತಗ್ಗಾಗಿಯೇ ಆಗುತ್ತದೆ. ಮಣ್ಣಾದರೆ ಅಲ್ಲಿ ನೀರು ಇಂಗುತ್ತಿತ್ತು, ಸಿಮೆಂಟಿನ ಮೇಲೆ ನಿಲ್ಲುತ್ತದೆ. ಇಂಗದ ನೀರೆಲ್ಲ ಒಂದೇ ಕಡೆ ನುಗ್ಗಿ ಹೊಸ ಮೂಲೆಯಲ್ಲಿ ಕೆರೆ ಮಾಡುತ್ತದೆ. ಮೇಲಾಗಿ ಈಡಿಸ್ ಹುಟ್ಟುತ್ತಿರುವುದು ಮಣ್ಣಲ್ಲಿ ಅಲ್ಲವೇ ಅಲ್ಲ. ಸಿಮೆಂಟ್ ನೆಲದ ಮೇಲೆ ಅವೇ ಕುಂಡ, ಅವೇ ತಟ್ಟೆ ಇಟ್ಟರೆ ಏನು ಬದಲಾಯಿತು? ಜಲ್ಲಿ ಹಾಸುವುದು ಇದಕ್ಕಿಂತ ವಾಸಿ. ಆದರೆ ಕಳೆ ಬಾರದಿರಲಿ ಅಂತ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಹಾಳೆ ತಗ್ಗಾದ ಕಡೆ ಜಲ್ಲಿಯ ಅಡಿಯಲ್ಲೇ ನೀರು ನಿಂತುಬಿಡುತ್ತದೆ. ನೀರು ಸೋಸುವ ಬಟ್ಟೆ ಹಾಸಿ, ಇಲ್ಲದಿದ್ದರೆ ಏನೂ ಹಾಸಬೇಡಿ.

ಈಗ ನಿಮ್ಮ ನೀರು ನಿಲ್ಲುವ ಮೂಲೆ. ಮೊದಲು ಮಣ್ಣು ಎಷ್ಟು ಬೇಗ ನೀರು ಕುಡಿಯುತ್ತದೆ ನೋಡಬೇಕು. ಆ ಮೂಲೆಯ ಹತ್ತಿರ, ಒಣಗಿದ ದಿನ, 30 ಸೆಂಟಿಮೀಟರ್ ಆಳ ಅಗಲದ ಒಂದು ಗುಂಡಿ ತೋಡಿ. ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಆಮೇಲೆ ಎರಡನೇ ಸಲ ತುಂಬಿ, ಒಂದು ಕಡ್ಡಿ ನೆಟ್ಟು ಗುರುತು ಹಾಕಿ. ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಳೆಯಿರಿ. ಮೊದಲ ಸಲದ ಅಳತೆ ನಂಬಬೇಡಿ, ಒಣ ಮಣ್ಣು ಮೊದಲ ನೀರನ್ನು ಗಬಗಬ ಕುಡಿಯುತ್ತದೆ. ಗಂಟೆಗೆ ಒಂದೇ ಸೆಂಟಿಮೀಟರ್ ಇಳಿದರೂ ಚಿಂತೆ ಇಲ್ಲ. 15 ಸೆಂಟಿಮೀಟರ್ ಆಳದ ತಗ್ಗು ಒಂದು ದಿನದೊಳಗೆ ಖಾಲಿಯಾಗುತ್ತದೆ. ಸೊಳ್ಳೆಗೆ ಬೇಕಾದ್ದು ಒಂದು ವಾರ. ಎರಡು ದಿನದಲ್ಲಿ ಒಣಗುವ ನೀರಿನಿಂದ ಸೊಳ್ಳೆ ಹಾರುವುದಿಲ್ಲ.

ಮಣ್ಣು ಸುಮಾರಾಗಿ ಕುಡಿಯುತ್ತದೆ ಅಂತಾದರೆ ಆ ಮೂಲೆಯನ್ನು ಮುಚ್ಚುವ ಬದಲು ತಗ್ಗು ಪಾತಿ ಮಾಡಿಬಿಡಿ. ಮನೆಯ ಪಾಯದಿಂದ 3 ಮೀಟರ್ ಆದರೂ ದೂರ ಇರಲಿ. 15 ಸೆಂಟಿಮೀಟರ್ ಆಳ ಸಾಕು, ತಳ ಮಾತ್ರ ಸಮತಟ್ಟಾಗಿರಬೇಕು. ತಳದ ಮಣ್ಣನ್ನು ಇನ್ನೊಂದು ಗುದ್ದಲಿ ಆಳ ಸಡಿಲಿಸಿ, ಮರಳು ಮತ್ತು ಕಾಂಪೋಸ್ಟ್ ಕಲಸಿ. ಒಂದೆರಡು ದಿನ ಒದ್ದೆ ಕಾಲು ತಡೆಯುವ, ಆಮೇಲೆ ಒಣಗಿದರೂ ಸಾಯದ ಗಿಡಗಳನ್ನು ನೆಡಿ. ಬೇರು ಇಳಿದಷ್ಟೂ ನೀರು ಇಂಗುವುದು ಬೇಗ. ತೋಡಿದ ಮಣ್ಣನ್ನು ಹೊರಗೆ ಹಾಕಬೇಡಿ, ಮುಂದಿನ ಕೆಲಸಕ್ಕೆ ಅದೇ ಬೇಕು.

ಮುಂದಿನ ಕೆಲಸ ಅಂದರೆ ವಾಟ. ಗಾರೆ ಕೆಲಸದವರು ಇಳಿಜಾರಿಗೆ ಬಳಸುವ ಮಾತು. ಒಂದು ಮೀಟರಿಗೆ 2 ಸೆಂಟಿಮೀಟರ್ ಇಳಿದರೆ ಸಾಕು, ಕಣ್ಣಿಗೆ ಸಮವಾಗಿಯೇ ಕಾಣುತ್ತದೆ, ನೀರು ಮಾತ್ರ ಹೋಗುತ್ತದೆ. ಅಳೆಯುವುದಕ್ಕೆ ಯಂತ್ರ ಬೇಡ. ಮನೆ ಗೋಡೆಯ ಹತ್ತಿರ ಒಂದು ಗೂಟ, 3 ಮೀಟರ್ ಆಚೆ ಇನ್ನೊಂದು ಗೂಟ ಹೊಡೆಯಿರಿ. ಪಾರದರ್ಶಕ ಸಣ್ಣ ಟ್ಯೂಬಿನಲ್ಲಿ ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ, ಎರಡೂ ತುದಿಯನ್ನು ಎರಡು ಗೂಟಕ್ಕೆ ಹಿಡಿಯಿರಿ. ಎರಡೂ ಕಡೆ ನೀರು ನಿಂತ ಮಟ್ಟ ಒಂದೇ. ಅಲ್ಲಿ ಗುರುತು ಹಾಕಿ ದಾರ ಕಟ್ಟಿ. ಆಚೆ ಗೂಟದಲ್ಲಿ ದಾರವನ್ನು 6 ಸೆಂಟಿಮೀಟರ್ ಕೆಳಗಿಳಿಸಿ. ಈಗ ದಾರದಿಂದ ನೆಲಕ್ಕೆ ಎಲ್ಲಾ ಕಡೆ ಒಂದೇ ಅಂತರ ಬರುವ ಹಾಗೆ ಮಣ್ಣು ತೆಗೆಯಿರಿ ಅಥವಾ ಹಾಕಿ. ಹಾಕಿದ ಮಣ್ಣನ್ನು ತುಳಿದು, ನೀರು ಹೊಡೆದು ಕೂರಿಸಿ. ಇಲ್ಲದಿದ್ದರೆ ಮೊದಲ ಮಳೆಗೆ ಕುಸಿದು ಹೊಸ ಗುಂಡಿ ಬೀಳುತ್ತದೆ.

ಗುಂಡಿಯ ನೀರು ಇಳಿಯುವುದೇ ಇಲ್ಲ, ಗಟ್ಟಿ ಜೇಡಿಮಣ್ಣು ಅಂತಾದರೆ ತಗ್ಗು ಪಾತಿ ಮಾಡಬೇಡಿ. ನೀರನ್ನು ಆಚೆ ಸಾಗಿಸುವ ಜಲ್ಲಿ ಕಾಲುವೆಯೇ ಗತಿ: 30 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಆಳ, ತಳದಲ್ಲಿ ತೂತಿನ ಪೈಪು, ಸುತ್ತ ಸೋಸುವ ಬಟ್ಟೆ, ಮೇಲೆ ಜಲ್ಲಿ. ಮೀಟರಿಗೆ 1 ಸೆಂಟಿಮೀಟರ್ ವಾಟ ಇರಲಿ. ಹೊರಬಾಯಿ ಪಕ್ಕದವರ ಕಾಂಪೌಂಡಿಗೆ ಬೇಡ, ಜಗಳ ಶುರುವಾಗುತ್ತದೆ. ನಿಮ್ಮ ಪಟ್ಟಿಯಲ್ಲಿ ಕೈಯಿಂದ ಸ್ವಲ್ಪ ದುಡ್ಡು ಬಿಡುವ ಕೆಲಸ ಇದೊಂದೇ. ಅದಕ್ಕೇ ಮೊದಲು ಗುಂಡಿ ತೋಡಿ ನೋಡಿ ಅಂದದ್ದು.

ಇನ್ನು ಪೊದೆ. ಸೊಳ್ಳೆ ನೀರಲ್ಲಿ ಹುಟ್ಟಿದರೂ ಬಿಸಿಲು ಹೊತ್ತನ್ನು ಕಳೆಯುವುದು ತಂಪಾದ, ತೇವದ, ಗಾಳಿ ಆಡದ ನೆರಳಲ್ಲಿ. ಬಿಸಿಲಿಗೆ ಅದರ ಮೈ ಬೇಗ ಒಣಗುತ್ತದೆ. ಮಧ್ಯಾಹ್ನ ಒಂದು ಕೋಲು ಹಿಡಿದು ಗೋಡೆ ಪಕ್ಕದ ಪೊದೆಗಳ ಬುಡವನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಯಾವ ಪೊದೆಯಿಂದ ಸೊಳ್ಳೆ ಏಳುತ್ತವೋ ಅದೇ ಅವುಗಳ ಮನೆ. ಕಡಿಯಬೇಕಾದದ್ದು ಅಲ್ಲಿ, ಎಲ್ಲಾ ಕಡೆ ಅಲ್ಲ. ನೆಲದಿಂದ 30 ಸೆಂಟಿಮೀಟರ್ ಎತ್ತರದವರೆಗಿನ ರೆಂಬೆಗಳನ್ನು ತೆಗೆದು ಬುಡ ಕಾಣುವ ಹಾಗೆ ಮಾಡಿ. ನಡುವಿನ ಒತ್ತು ರೆಂಬೆಗಳನ್ನು ಮೂರಕ್ಕೊಂದರಂತೆ ಸವರಿ. ಪೊದೆಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ, ಅಲ್ಲಿ ಗಾಳಿ ಓಡಲಿ. ಹುಲ್ಲು ಮೊಣಕಾಲೆತ್ತರ ಬೆಳೆಯಬಾರದು. ಹಾಗಂತ ಬೋಳಿಸಲೂಬೇಡಿ, ಏಳೆಂಟು ಸೆಂಟಿಮೀಟರ್ ಇದ್ದರೆ ಬೇರು ಆಳಕ್ಕೆ ಹೋಗಿ ಮಣ್ಣು ಸಡಿಲವಾಗಿರುತ್ತದೆ. ನೆಲಕ್ಕೆ ಹಬ್ಬುವ ದಟ್ಟ ಬಳ್ಳಿಗಳನ್ನು ಕೂರುವ ಜಾಗದ ಹತ್ತಿರ ಹಬ್ಬಿಸಬೇಡಿ. ನೀರು ಹಾಕುವುದನ್ನೂ ಬೆಳಗ್ಗೆಗೆ ಬದಲಾಯಿಸಿ. ಸಂಜೆ ಹಾಕಿದರೆ ನೀವು ಕೂರುವ ಹೊತ್ತಿಗೆ ಇಡೀ ಹಿತ್ತಲು ಒದ್ದೆ.

ಇದರ ಹಿಂದೆ ಒಂದು ದೊಡ್ಡ ಇತಿಹಾಸವಿದೆ. ಪನಾಮ ಕಾಲುವೆ ತೋಡುವಾಗ ಹಳದಿ ಜ್ವರ, ಮಲೇರಿಯಾದಿಂದ ಸಾವಿರಾರು ಕೆಲಸಗಾರರು ಸತ್ತರು. 1904ರಿಂದ ಅಲ್ಲಿನ ಆರೋಗ್ಯ ನೋಡಿಕೊಂಡ ವಿಲಿಯಂ ಗಾರ್ಗಸ್ ತಂಡ ಮಾಡಿದ್ದು ಬಹುಪಾಲು ಇಂಥದ್ದೇ ಕೆಲಸ: ಹೊಂಡ ಬರಿದು ಮಾಡು, ಪಾತ್ರೆ ಮುಚ್ಚು, ಹುಲ್ಲು ಕಡಿ. ಹಳ್ಳಿಗಳ ಸುತ್ತ 200 ಗಜ, ಒಂಟಿ ಮನೆಗಳ ಸುತ್ತ 100 ಗಜ, ಹುಲ್ಲು ಒಂದಡಿಗಿಂತ ಎತ್ತರ ಬೆಳೆಯಲು ಬಿಡುತ್ತಿರಲಿಲ್ಲ. ನಿಮ್ಮ ಹಿತ್ತಲು ಅಷ್ಟು ದೊಡ್ಡದಲ್ಲ, ನಿಜ. ಬಯಲು ಮಾಡಿ ಸೊಳ್ಳೆಯನ್ನು ಪೂರ್ತಿ ತಡೆಯಲು ನಿಮ್ಮಿಂದ ಆಗದು. ಆದರೆ ಅದು ಹಗಲೆಲ್ಲ ನಿಮ್ಮ ಕುರ್ಚಿಯ ಪಕ್ಕದಲ್ಲೇ ಕಾದು ಕೂರುವುದನ್ನು ತಪ್ಪಿಸಬಹುದು.

ಸೊಳ್ಳೆ ಓಡಿಸುವ ಗಿಡಗಳಿಗೆ ಬರೋಣ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಜನ ಬೇರೆ ಅರ್ಥದಲ್ಲಿ ಹೇಳುತ್ತಾರೆ, ಇಲ್ಲಿ ಮಾತ್ರ ಅದು ಇದ್ದ ಹಾಗೇ ನಿಜ. ನಿಂಬೆಹುಲ್ಲಿನ ಜಾತಿಯ ಹುಲ್ಲಿನಿಂದ ತೆಗೆದ ಸಿಟ್ರೊನೆಲ್ಲಾ ಎಣ್ಣೆಗೆ ಸೊಳ್ಳೆ ದೂರ ಇಡುವ ಗುಣ ಇದೆ. ಅದೂ ಮೈಗೆ ಹಚ್ಚಿದರೆ, ಅದೂ ಸ್ವಲ್ಪ ಹೊತ್ತು. ಎಣ್ಣೆ ಇರುವುದು ಎಲೆಯ ಒಳಗೆ. ಎಲೆ ಜಜ್ಜಿದರೆ ಬರುತ್ತದೆ, ಸುಮ್ಮನೆ ನಿಂತ ಗಿಡದಿಂದ ಸುತ್ತಲಿನ ಗಾಳಿಗೆ ಬರುವುದು ಏನೇನೂ ಸಾಲದು. ಸೊಳ್ಳೆ ಗಿಡ ಅಂತ ಮಾರುವ ಜೆರೇನಿಯಂ ಜಾತಿಯ ಗಿಡವನ್ನು ಪರೀಕ್ಷೆ ಮಾಡಿದಾಗ ಸೊಳ್ಳೆಗಳು ಅದರ ಎಲೆಯ ಮೇಲೇ ಬಂದು ಕೂತದ್ದೂ ಇದೆ. ಚೆಂಡುಹೂವು, ತುಳಸಿ, ಪುದೀನ ಇವುಗಳ ಕಥೆಯೂ ಹೆಚ್ಚು ಬೇರೆ ಅಲ್ಲ. ಇಷ್ಟವಿದ್ದರೆ ನೆಡಿ, ಚೆಂದಕ್ಕೆ, ಅಡುಗೆಗೆ, ಜೇನಿಗೆ. ಸೊಳ್ಳೆಗೆ ಅಂತ ದುಡ್ಡು ಕೊಡಬೇಡಿ. ಮೇಲಾಗಿ ನಿಂಬೆಹುಲ್ಲನ್ನು ಬೇಲಿಯಂತೆ ಒತ್ತಾಗಿ ನೆಟ್ಟರೆ ಅದರ ಬುಡವೇ ಸೊಳ್ಳೆಗೆ ಒಳ್ಳೆಯ ನೆರಳು.

ಇದೇ ಸಾಲಿಗೆ ಸೇರುವ ಇನ್ನೆರಡು ವಸ್ತು: ನೀಲಿ ಬೆಳಕಿನ ಕೀಟ ಸುಡುವ ದೀಪ, ಕೇಳಿಸದ ಶಬ್ದ ಮಾಡುವ ಯಂತ್ರ. ಅಮೆರಿಕದ ಡೆಲವೇರ್‌ನಲ್ಲಿ ಇಂಥ ದೀಪಗಳಿಗೆ ಬಿದ್ದ 13,789 ಕೀಟಗಳನ್ನು ಎಣಿಸಿದರು. ಅದರಲ್ಲಿ ಕಚ್ಚುವ ಕೀಟಗಳು ಬರೀ 31. ಉಳಿದವೆಲ್ಲ ನಮ್ಮನ್ನು ಕಚ್ಚದ ಪಾಪದ ಕೀಟಗಳು. ಸೊಳ್ಳೆ ನಿಮ್ಮನ್ನು ಹುಡುಕುವುದು ಮುಖ್ಯವಾಗಿ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈ ಬಿಸಿ, ಬೆವರಿನ ವಾಸನೆಯಿಂದ. ಶಬ್ದದ ಯಂತ್ರದಿಂದ ಕಚ್ಚುವುದು ಕಡಿಮೆಯಾಗುವುದಿಲ್ಲ ಅಂತ ಎಷ್ಟೋ ಪರೀಕ್ಷೆಗಳಲ್ಲಿ ಕಂಡಿದೆ.

ನಿಜವಾಗಿ ಕೆಲಸ ಮಾಡುವ ಯಂತ್ರ ನಿಮ್ಮ ಮನೆಯಲ್ಲೇ ಇರಬಹುದು: ಒಂದು ಟೇಬಲ್ ಫ್ಯಾನು. ಸೊಳ್ಳೆ ಹಾರುವುದು ಗಂಟೆಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ, ನಾವು ನಡೆಯುವುದಕ್ಕಿಂತ ನಿಧಾನ. ಫ್ಯಾನಿನ ಗಾಳಿಗೆ ಎದುರು ಬರಲು ಅದಕ್ಕೆ ಕಷ್ಟ. ಜೊತೆಗೆ ನಿಮ್ಮ ಉಸಿರು, ವಾಸನೆ ಚದುರಿಹೋಗಿ ಅದಕ್ಕೆ ಜಾಡು ಸಿಗುವುದಿಲ್ಲ. ಫ್ಯಾನನ್ನು ಕೆಳಗಿಟ್ಟು ಕಾಲಿನ ಕಡೆ ತಿರುಗಿಸಿ, ಈಡಿಸ್ ಹೋಗುವುದು ಅಲ್ಲಿಗೇ. ಹೊರಗೆ ಬಳಸುವ ವಯರು, ಪ್ಲಗ್ಗು ನೀರು ತಾಗದಂತಿರಲಿ. ಕೂರುವ ಜಾಗವನ್ನೂ ಪೊದೆಯ ಪಕ್ಕದಿಂದ ತೆಗೆದು ಹಿತ್ತಲಿನ ನಡುವಿಗೋ, ಗಾಳಿ ಬರುವ ಕಡೆಗೋ ತನ್ನಿ. ಗಿಡ ನೆಡುವಾಗ ಗಾಳಿ ಬರುವ ದಿಕ್ಕನ್ನು ತೆರೆದಿಡಿ. ಎತ್ತರದ ಗಿಡಗಳನ್ನು ಎದುರು ದಿಕ್ಕಿಗೆ ನೆಡಿ.

ಹೊಗೆ ಹೊಡೆಸುವ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ. ನೀರಲ್ಲಿರುವ ಮರಿಗೆ, ಗೋಡೆಗೆ ಅಂಟಿದ ಮೊಟ್ಟೆಗೆ ಏನೂ ಆಗುವುದಿಲ್ಲ. ಜೇನುನೊಣ, ಸೊಳ್ಳೆ ತಿನ್ನುವ ಏರೋಪ್ಲೇನ್ ಚಿಟ್ಟೆ ಎಲ್ಲಾ ಅದರ ಜೊತೆ ಸಾಯುತ್ತವೆ. ಊರಲ್ಲಿ ಡೆಂಗಿ ಹಬ್ಬಿದಾಗ ಆರೋಗ್ಯ ಇಲಾಖೆ ಹೊಡೆಸುವುದು ಬೇರೆ ಮಾತು. ಹಿತ್ತಲಿಗೆ ಅಂತ ಬೇಡ.

ಪಕ್ಕದ ಖಾಲಿ ಜಾಗ ನಿಮ್ಮ ಕೈಯಲ್ಲಿಲ್ಲ. ಆದರೆ ಅಲ್ಲಿ ಹೆದರಬೇಕಾದದ್ದು ಹುಲ್ಲಿಗಲ್ಲ, ಹುಲ್ಲಿನೊಳಗೆ ಬಿದ್ದಿರುವ ಕಪ್ಪು, ಡಬ್ಬಿ, ಟೈರು, ಚಿಪ್ಪುಗಳಿಗೆ. ಜಾಗದ ಮಾಲೀಕರಿಗೆ ಒಂದು ಮಾತು ಹೇಳಿ, ಒಂದು ಗೋಣಿಚೀಲ ತಗೊಂಡು ಹೋಗಿ ಅಷ್ಟನ್ನು ಆರಿಸಿ ತಂದರೆ ಹುಲ್ಲು ಕಡಿಯುವುದು ಅವರಿಗೆ ಬಿಟ್ಟದ್ದು. ಅಕ್ಕಪಕ್ಕದ ಮನೆಯವರ ಹತ್ತಿರವೂ ಮಾತಾಡಿ. ಈಡಿಸ್ ಹಾರುವ ದೂರದ ಲೆಕ್ಕದಲ್ಲಿ ನಾಲ್ಕೈದು ಮನೆಯವರು ಒಂದೇ ದಿನ ಪಾತ್ರೆ ಉಜ್ಜಿದರೆ ನೀವೊಬ್ಬರೇ ಮಾಡುವುದಕ್ಕಿಂತ ಫಲ ಎಷ್ಟೋ ಜಾಸ್ತಿ. ಮರಿಗಳಿರುವ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಮುಚ್ಚಳ ಹಾಕಿ ತೋರಿಸಿ. ಭಾಷಣಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಿ. ಪಾತ್ರೆ ಖಾಲಿ ಮಾಡಿದ ಮರುದಿನವೇ ಸೊಳ್ಳೆ ಕಡಿಮೆಯಾಗುವುದಿಲ್ಲ. ಆಗಲೇ ಹಾರುತ್ತಿರುವ ಹೆಣ್ಣು ಸೊಳ್ಳೆ ಎರಡು ವಾರ, ಕೆಲವೊಮ್ಮೆ ಒಂದು ತಿಂಗಳು ಬದುಕುತ್ತದೆ. ಹಾಗಾಗಿ ಮೂರು ನಾಲ್ಕು ವಾರ ಬಿಡದೆ ಮಾಡಿ ಆಮೇಲೆ ತೀರ್ಮಾನಿಸಿ. ಆಗಲೂ ಹಗಲು ಪಟ್ಟೆ ಸೊಳ್ಳೆ ಅಷ್ಟೇ ಇದ್ದರೆ ನಿಮ್ಮ ಕಣ್ಣು ತಪ್ಪಿಸಿಕೊಂಡ ಪಾತ್ರೆ ಇನ್ನೊಂದು ಎಲ್ಲೋ ಇದೆ, ತಲೆಯ ಮಟ್ಟಕ್ಕಿಂತ ಮೇಲೆ ಹುಡುಕಿ: ಸೂರಿನ ದೋಣಿ, ತಾರಸಿ, ನೀರಿನ ಟ್ಯಾಂಕಿನ ಮುಚ್ಚಳ. ಗುಂಡಿಯಲ್ಲಿ ಗಂಟೆಗೆ ಎಷ್ಟು ನೀರು ಇಳಿಯಿತು, ಸೂರಿನ ಎಷ್ಟು ಭಾಗದ ನೀರು ಆ ಮೂಲೆಗೆ ಬರುತ್ತದೆ, ಈ ಎರಡು ಅಳತೆ ಬರೆದು ಕಳಿಸಿ. ತಗ್ಗು ಪಾತಿ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.